ವಿಶೇಷವೇನೆಂದರೆ

ಅಪ್ಪ ತೀರಿಕೊಂಡಿದ್ದು 2019ರಾಗ. ದಿನ ಕಾರ್ಯ ಎಲ್ಲಾ ಮುಗದು ಬಂದ ಬೀಗರು ಬಿಜ್ಜರು ಹೋದ ಮ್ಯಾಲೆ ವಿಜಯಪುರದ ಮನ್ಯಾಗ ನಾನು, ನನ್ನ ತಮ್ಮ, ಅವ್ವ ಮೂರೂ ಮಂದಿ ಕುಂತು ಅಪ್ಪನ ಟ್ರಂಕು ತಗದ್ವಿ. ಹಸರ ಬಣ್ಣದ ತಗಡಿನ ಟ್ರಂಕು, ಮ್ಯಾಲೆ ಬಿಳೇ ಬಣ್ಣದಾಗ ಅವನ ಹೆಸರು, ಬಾಜೂಕ ಬ್ಯಾಡ್ಜ್ ನಂಬರು. ಅಪ್ಪ ಬಸ್ ಕಂಡಕ್ಟರ್ ಇದ್ದ, ಮೂವತ್ತು ವರ್ಷದ ಮ್ಯಾಲೆ ನೌಕರಿ ಮಾಡಿದ, ಅದರಾಗ ಹೆಚ್ಚಿನ ವರ್ಷ ಸೋಲಾಪುರ ರೂಟು. ದಿನಾ ವೇ ಬಿಲ್ ಬರದು ಬರದು ಅವನ ಅಕ್ಷರ ಅಚ್ಚು ಹಾಕಿದಂಗ ಇರ್ತಿದ್ವು, ಲೆಕ್ಕ ಅಂದ್ರ ಪೈಸಾಕ್ಕ ಪೈಸಾ. ಟ್ರಂಕಿನಾಗೂ ಹಂಗ ಇತ್ತು. ಎಲ್‌ಐಸಿ ಬಾಂಡು, ಪೆನ್ಶನ್ ಪುಸ್ತಕ, ಮನಿ ಉತಾರ, ತೆರಿಗಿ ಪಾವತಿ, ಎಲ್ಲಾ ಬ್ಯಾರೆ ಬ್ಯಾರೆ ಪ್ಲಾಸ್ಟಿಕ್ ಚೀಲದಾಗ, ಚೀಲದ ಮ್ಯಾಲೆ ಚೀಟಿ ಹಚ್ಚಿ. ಒಂದು ಹಾಳ್ಯಾಗ ಯಾರಿಗೆ ಕೊಡೋದು ಎಷ್ಟು, ಯಾರಿಂದ ಬರೋದು ಎಷ್ಟು, ಅದರಾಗ ಕಿರಾಣಿ ಅಂಗಡಿ ಬಾಕಿ 340 ರೂಪಾಯಿ ಸೈತ ಇತ್ತು.

ತಮ್ಮ ಅಂದ, ನೋಡಕ್ಕಾ ನಮಗ ಒಂದ್ ಆಫೀಸಿಗೂ ಎರಡ ಸಲ ಅಡ್ಡ್ಯಾಡೂ ಹಂಗ ಇಟ್ಟಿಲ್ಲ ಅಪ್ಪ. ಖರೇನ ಅದು. ಆದರ ಆ ಎಲ್ಲಾ ಚೀಲ ತಗದು ತಗದು ನಾ ಹುಡುಕಾಕತ್ತಿದ್ದು ಬ್ಯಾರೇನ ಏನೋ ಇತ್ತು, ಏನಂತ ಆವಾಗ ನನಗ ಗೊತ್ತಿದ್ದಿಲ್ಲ. ತಳದಾಗ ಒಂದು ಹಳೇ ಡೈರಿ ಇತ್ತು, ಅದರೊಳಗ ಒಂದು ನೀಲಿ ಇನ್‌ಲ್ಯಾಂಡ್ ಲೆಟರ್. ಮ್ಯಾಲೆ ನನ್ನ ಹೆಸರು, ಧಾರವಾಡದ ನನ್ನ ಹಾಸ್ಟೆಲ್ ಅಡ್ರೆಸ್ಸು. ನಾ ಟಿಸಿಎಚ್, ಅಂದ್ರ ಶಿಕ್ಷಕರ ತರಬೇತಿ ಓದಾಕ ಅಲ್ಲಿದ್ದಾಗಿಂದು, 1994ರದ್ದು. ಒಳಗ ಇಷ್ಟ ಇತ್ತು:

"ಚಿರಂಜೀವಿ ಮಗಳಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಅಲ್ಲಿಯ ನಿನ್ನ ಕ್ಷೇಮಕ್ಕೆ ಮೇಲಿಂದ ಮೇಲೆ ಪತ್ರ ಬರೆಯುತ್ತಾ ಇರಬೇಕು. ನಿನ್ನ ತಮ್ಮನ ಪರೀಕ್ಷೆ ಮುಗಿಯಿತು. ವಿಶೇಷವೇನೆಂದರೆ"

ಮುಗೀತು. ಅಲ್ಲಿಗೆ ನಿಂತೈತಿ. ಪೂರ್ಣವಿರಾಮನೂ ಇಲ್ಲ, ಕೆಳಗ ಮುಕ್ಕಾಲು ಹಾಳಿ ಖಾಲಿ. ಯಾರೋ ಕರದಿರಬೇಕು, ಡ್ಯೂಟಿ ಟೈಮ್ ಆಗಿರಬೇಕು, ಆಮ್ಯಾಲೆ ಬರದ್ರಾತು ಅಂತ ಡೈರ್ಯಾಗ ಇಟ್ಟಿರಬೇಕು. ಅವ್ವನ್ನ ಕೇಳಿದೆ, ಆ ವರ್ಷ ಏನ್ ವಿಶೇಷ ಇತ್ತು ಅಂತ, ಅವ್ವ ಸೆರಗಿನಾಗ ಕಣ್ಣ ಒರಸಿಕೊಂತ ಎಷ್ಟೋ ಹೊತ್ತ ನೆನಪ ಮಾಡಿದ್ಲು, ಆಕಿಗೂ ನೆನಪ ಆಗಲಿಲ್ಲ. ಇಪ್ಪತ್ತೈದು ವರ್ಷ ಆ ಕಾಗದ ಟ್ರಂಕಿನಾಗ ಇತ್ತು, ಹರದು ಒಗೀಬಹುದಿತ್ತು, ಒಗದಿಲ್ಲ. ಟ್ರಂಕಿನಾಗಿನ ಬಾಕಿ ಎಲ್ಲಾ ತಮ್ಮ ತಗೊಂಡ, ನಾ ಅದೊಂದ ತಗೊಂಡು ಬಾಗಲಕೋಟಿಗೆ ಬಂದೆ.

ಅಲ್ಲಿಂದ ನನ್ನ ತಲ್ಯಾಗ ಹೊಕ್ಕಿದ್ದ ವಿಷಯ ಇದು. ನಮ್ಮ ಮಂದಿ ಮಕ್ಕಳಿಗೆ ಹೊಲದ ಕಾಗದ ಇಡ್ತಾರ, ಬಂಗಾರ ಇಡ್ತಾರ, ಸಾಲ ಇದ್ರ ಅದರ ಲೆಕ್ಕಾನೂ ಇಡ್ತಾರ, ಆದರ ಒಂದು ಹಾಳಿ ಮಾತು ಇಟ್ಟು ಹೋಗಬೇಕು ಅಂತ ಯಾರಿಗೂ ಅನಸಂಗಿಲ್ಲ, ಅನಿಸಿದ್ರೂ ಅದು ಸಾಯೂ ಮುಂದ ಮಾಡೂ ಕೆಲಸ ಅಂತ ತಿಳ್ಕೊಂಡೀವಿ. ಸಾಯೂ ಮುಂದ ಯಾರ ಕೈಯಾಗ ಪೆನ್ನು ಇರ್ತೈತಿ ಹೇಳ್ರಿ. ಅಪ್ಪನ ಕಡೇ ಎಂಟು ದಿನ ದವಾಖಾನ್ಯಾಗ ನೋಡೀನಿ, ನೀರು ಬೇಕು ಅಂತ ಕೈ ಮಾಡಿ ತೋರಸೂದೂ ಕಷ್ಟ ಆಗಿತ್ತು.

ಆರೋಗ್ಯ ಚೆನ್ನಾಗಿದ್ದಾಗ, ಸಮಾಧಾನ ಇದ್ದಾಗ ಬರೆಯೋದು ಅಂದ್ರ ಹ್ಯಾಂಗ ಇರ್ತೈತಿ ಅನ್ನೂದು ನಮ್ಮ ವಿಜಯಪುರದವರಿಗೆ ಹೊಸದಾಗಿ ಹೇಳೂ ಹಂಗಿಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವರು ಲಿಂಗೈಕ್ಯ ಆಗಿದ್ದು 2023ರ ಜನವರಿ 2ಕ್ಕ, ಅವರು ಬರದಿಟ್ಟ ಕಡೇ ಪತ್ರ ಮಾತ್ರ 2014ರ ಗುರುಪೂರ್ಣಿಮೆದು. ಅಂದ್ರ ಬರದು ಇಟ್ಟು ಎಂಟು ವರ್ಷದ ಮ್ಯಾಲೆ ಪ್ರವಚನ ಮಾಡಿಕೊಂಡು, ನಕ್ಕೋತ, ಅದೇ ಬಿಳೇ ಅಂಗಿಯಾಗ ನಮ್ಮ ನಡುವ ಅಡ್ಡ್ಯಾಡಿದ್ರು. ಅಂಗಿಗೆ ಕಿಸೆ ಸೈತ ಇದ್ದಿಲ್ಲ ಅವರದು. ಆ ಪತ್ರದಾಗ ಇದ್ದಿದ್ದು, ದೇಹ ಮಣ್ಣಾಗ ಇಡಬ್ಯಾಡ್ರಿ ಅಗ್ನಿಗೆ ಕೊಡ್ರಿ, ಬೂದಿ ಹೊಳ್ಯಾಗೋ ಸಮುದ್ರದಾಗೋ ಬಿಡ್ರಿ, ಸ್ಮಾರಕ ಕಟ್ಟಬ್ಯಾಡ್ರಿ, ಹಿಂಗ ಸರಳ ಮಾತು. ಅವರು ಲಿಂಗೈಕ್ಯ ಆದ ಮರುದಿನ ಸೈನಿಕ ಶಾಲೆ ಮೈದಾನದಾಗ ಕಡೇ ದರ್ಶನಕ್ಕ ಕೂಡಿದ ಮಂದಿ ನೋಡಿದವರಿಗೆ ಗೊತ್ತು, ಆ ಪತ್ರ ಇರದಿದ್ರ ಅಷ್ಟು ಪ್ರೀತಿ ಇದ್ದ ಜನ ಏನೇನು ಕಟ್ಟತಿದ್ರೋ ಏನೋ. ಅವ್ವ ಅವತ್ತು ಟೀವಿ ಮುಂದ ಕುಂತು ಪತ್ರ ಓದೂದನ್ನ ಕೇಳಿ, "ಬುದ್ಧಿಯವರು ಎಲ್ಲಾ ಮುಂಚೇನ ಹೇಳಿ ಇಟ್ಟಾರ ನೋಡು" ಅಂದ್ಲು, ಆಮ್ಯಾಲೆ ಸಣ್ಣ ದನಿಯಾಗ, "ನಿಮ್ಮಪ್ಪ ಒಂದ್ ಮಾತರ ಬರದಿಟ್ಟಿದ್ರ" ಅಂದ್ಲು.

ಅವತ್ತ ರಾತ್ರಿ ಬರಿಯಾಕ ಕುಂತೆ. ಮಗಳಿಗೆ. ಆಕಿ ಬೆಂಗಳೂರಾಗ ನೌಕರಿ ಮಾಡ್ತಾಳ. ಐದು ಪುಟ ಬರದೆ, ಹೊತ್ತಿಗೆ ಸರಿಯಾಗಿ ಉಣ್ಣು, ರೊಕ್ಕ ಉಳಸು, ಯಾರನ್ನೂ ಲಗೂನ ನಂಬಬ್ಯಾಡ, ದೇವರ ಮ್ಯಾಲೆ ಭಾರ ಹಾಕು, ಹಿರ್ಯಾರಿಗೆ ಮರ್ಯಾದಿ ಕೊಡು, ಬರದು ಮರುದಿನ ಮುಂಜಾನೆ ಓದಿದ್ರ ಅದರಾಗ ನಾನ ಇದ್ದಿಲ್ಲ. ಯಾವ ತಾಯಿ ಯಾವ ಮಗಳಿಗೆ ಬೇಕಾದ್ರೂ ಕಳಸಬಹುದಾದ ಪತ್ರ ಅದು. ಇಪ್ಪತ್ತೆಂಟು ವರ್ಷದಿಂದ ಸಾಲ್ಯಾಗ ಕನ್ನಡ ಕಲಸಾಕತ್ತೀನಿ, ಪತ್ರಲೇಖನ ಕಲಸೀನಿ, ಬಲಕ್ಕ ದಿನಾಂಕ ಎಡಕ್ಕ ಸಂಬೋಧನೆ ಅಂತ, ಒಳಗ ಏನಿರಬೇಕು ಅನ್ನೂದನ್ನ ನಾ ಯಾವತ್ತೂ ಕಲಸಿಲ್ಲ ಅಂತ ಅವತ್ತ ತಿಳೀತು.

ಆಮ್ಯಾಲೆ ಇದರ ಬಗ್ಗೆ ಒಂದಿಷ್ಟು ಓದಿದೆ. ಅಮೆರಿಕಾದಾಗ ಐರಾ ಬಯೋಕ್ ಅಂತ ಒಬ್ಬರು ಡಾಕ್ಟ್ರು ಅದಾರ, ಬದುಕೂದಿಲ್ಲ ಅಂತ ಗೊತ್ತಾದ ರೋಗಿಗಳ ಜೋಡಿ ಬಾಳ ವರ್ಷ ಕೆಲಸ ಮಾಡಿದವರು. ಅವರು ಹೇಳೂದು, ಮನಷಾ ತನ್ನವರಿಗೆ ಹೇಳಬೇಕಾದ್ದು ನಾಕ ಮಾತು: ನನ್ನ ಕ್ಷಮಿಸು, ನಿನ್ನ ನಾ ಕ್ಷಮಿಸೀನಿ, ನಿನ್ನ ಉಪಕಾರ ಮರಿಯಂಗಿಲ್ಲ, ನೀ ಅಂದ್ರ ನನಗ ಪ್ರೀತಿ. ನಾಕೂ ಚಲೋ ಮಾತ. ಆದರ ಇವನ್ನ ಹಿಂಗ ಹಿಂಗ ಬರದ್ರ ನಮ್ಮ ಮನ್ಯಾಗ ಯಾರೂ ನಂಬಂಗಿಲ್ಲ. ನಮ್ಮ ಕಡೆ ಪ್ರೀತಿ ಮಾಡ್ತೀನಿ ಅಂತ ಯಾರು ಯಾರಿಗೆ ಅಂದಾರ. ಅಪ್ಪ ನಾ ಧಾರವಾಡದಿಂದ ಬಂದಾಗ ಬಸ್ ಸ್ಟ್ಯಾಂಡಿನಾಗ ನನ್ನ ಮುಖಾ ನೋಡ್ತಿದ್ದಿಲ್ಲ, ಮೊದಲ ನನ್ನ ಕೈಯಾಗಿನ ಚೀಲ ಇಸ್ಕೋತಿದ್ದ. ಅಷ್ಟ. ಹಂಗಾಗಿ ಆ ನಾಕ ಮಾತನ್ನ ನಮ್ಮ ಚೀಲದಾಗ ಹಾಕಬೇಕು, ಅಂದ್ರ ಒಂದೊಂದು ಮಾತಿಗೂ ಒಂದು ದಿನ, ಒಂದು ಜಾಗ, ಒಂದು ಸಾಮಾನು ಬೇಕು. ಉಪಕಾರ ಮರಿಯಂಗಿಲ್ಲ ಅಂತ ಬರಿಯೂಕಿಂತ, ನನಗ ಡೆಂಗ್ಯೂ ಆದಾಗ ನೀ ಎರಡು ರಾತ್ರಿ ಕುರ್ಚಿ ಮ್ಯಾಲೆ ಕುಂತು ನಿದ್ದಿ ಮಾಡಿದಿ, ನನಗ ಎಚ್ಚರ ಇತ್ತು, ನೋಡಾಕತ್ತಿದ್ದೆ, ಅಂತ ಬರಿಯೂದು.

ಇದನ್ನ ರೂಢಿ ಮಾಡಿಕೊಂಡಿದ್ದು ಅಮಾಸಿ ಲೆಕ್ಕದಾಗ. ನಮ್ಮ ಮನ್ಯಾಗ ಅತ್ತಿಯವರು ಇರೂದ್ರಿಂದ ಅಮಾಸಿ ತಪ್ಪೂ ಮಾತೇ ಇಲ್ಲ, ಎಂಟು ದಿನ ಮೊದಲಿಂದ ನೆನಪ ಮಾಡ್ತಾರ. ಅಮಾಸಿ ಅಂದ್ರ ಒಕ್ಕಲತನ ಮಾಡೂ ಮಂದಿ ಎತ್ತಿನ ಹೆಗಲ ಮ್ಯಾಲೆ ನೊಗ ಇಡಂಗಿಲ್ಲ, ಎತ್ತಿಗೂ ಒಂದು ಸೂಟಿ. ರಾತ್ರಿ ಉಂಡು ಭಾಂಡೆ ತಿಕ್ಕಿ ಆದ ಮ್ಯಾಲೆ ಅರ್ಧ ತಾಸು ಕುಂದರ್ತೀನಿ, ಒಬ್ಬರಿಗೆ ಒಂದು ಪತ್ರ, ಒಂದು ಹಾಳಿಗಿಂತ ಹೆಚ್ಚು ಬ್ಯಾಡ. ವರ್ಷಕ್ಕ ಹನ್ನೆರಡು, ಅಧಿಕ ಮಾಸ ಬಂದ್ರ ಹದಿಮೂರು. ಮಣ್ಣೆತ್ತಿನ ಅಮಾಸಿಗೆ ಒಂದು ಬರದ್ರ ಎಳ್ಳಮಾಸಿ ಹೊತ್ತಿಗೆ ಆರೇಳು ಆಗಿರ್ತಾವು, ಗೊತ್ತಾಗಂಗಿಲ್ಲ.

ಅಮಾಸಿ ಅಂದ್ಕೂಡಲೇ ನೆನಪಾತು. ಯೆಹೂದಿ ಮಂದ್ಯಾಗ ಇಂಥಾ ಪತ್ರ ಬರದಿಡೂ ಪದ್ಧತಿ ಬಾಳ ಹಳೇದು, ಆಸ್ತಿ ಹಂಚೂ ವಿಲ್ ಬ್ಯಾರೆ, ಮಕ್ಕಳಿಗೆ ಮಾತು ಬಿಟ್ಟು ಹೋಗೂ ಪತ್ರ ಬ್ಯಾರೆ. ನಮ್ಮ ಬಸವಣ್ಣ ಇದ್ದ 12ನೇ ಶತಮಾನದಾಗನ ಆ ಕಡೆ ಫ್ರಾನ್ಸ್ ದೇಶದಾಗ ಯೆಹೂದ ಇಬ್ನ್ ತಿಬ್ಬೋನ್ ಅಂತ ಒಬ್ಬ ವೈದ್ಯ ಇದ್ದ, ಅರಬ್ಬಿ ಪುಸ್ತಕ ಹೀಬ್ರೂಕ್ಕ ತರ್ಜುಮೆ ಮಾಡ್ತಿದ್ದ. ಅಂವಾ ಮಗ ಸ್ಯಾಮ್ಯುಯೆಲ್‌ಗ ಬರದ ಪತ್ರ ಇನ್ನೂ ಉಳದೈತಿ. ಹೀಬ್ರೂ ಪುಸ್ತಕ ಪ್ರತಿ ತಿಂಗಳ ಹೊಸ ಚಂದ್ರನ ದಿನ ತಗದು ನೋಡು, ಅರಬ್ಬಿ ಪುಸ್ತಕ ಎರಡು ತಿಂಗಳಿಗೊಮ್ಮೆ ನೋಡು, ಕಪಾಟಿಗೆ ಚಂದ ಪರದೆ ಹಾಕು, ಯಾರಿಗೆ ಪುಸ್ತಕ ಕೊಟ್ಟಿ ಬರದಿಡು, ಅಂತ. ಮಗನ ಅಕ್ಷರ ಚಲೋ ಇಲ್ಲ ಅಂತ ಬೈತಾನ ಸೈತ. ಎಂಟುನೂರು ವರ್ಷದ ಮ್ಯಾಲೆ ಆದ್ರೂ ಓದೂ ಮುಂದ ಆ ಅಪ್ಪ ಕಪಾಟಿನ ಮುಂದ ನಿಂತಂಗ ಕಾಣ್ತಾನ. ಪರದೆ ಅಂತ ಒಂದ್ ಮಾತು ಬರದಿದ್ದಕ್ಕ.

ಮಗಳಿಗೆ ನಾ ಎರಡನೇ ಸಲ ಬರದ ಪತ್ರ ಪೇಟಿ ಬಗ್ಗೆ. ಹಾರ್ಮೋನಿಯಂಗೆ ನಾವು ಪೇಟಿ ಅಂತೀವಿ. ಆಕಿ ಒಂಬತ್ತನೇತ್ತ ಇದ್ದಾಗ ಸಂಗೀತಕ್ಕ ಹೋಗ್ತಿದ್ಲು, ಮನ್ಯಾಗ ಒಂದು ಪೇಟಿ ತಂದಿದ್ವಿ. ಒಂದಿನ ಆಕಿ ಸಾಲಿಗೆ ಹೋದಾಗ ಅದನ್ನ ಮಾರಿಬಿಟ್ವಿ. ಸಂಜೀಕ ಬಂದು ಕೇಳಿದ್ಲು. ನಾ ಅಂದೆ, ಮುಂದಿನ ವರ್ಷ ಹತ್ತನೇತ್ತ, ಅಭ್ಯಾಸದ ಕಡೆ ಲಕ್ಷ್ಯ ಕೊಡು, ಹಾಡು ಪಾಡು ಸಾಕು. ಆಕಿ ಅಳಲಿಲ್ಲ, ಪೇಟಿ ಇಡ್ತಿದ್ದ ಜಾಗಾದಾಗ ಹಾಸಿದ್ದ ಕೌದಿ ಮಡಚಿ ಒಳಗ ಇಟ್ಲು. ಖರೇ ಏನಂದ್ರ ಆ ತಿಂಗಳ ಮಾವಾರನ್ನ ದವಾಖಾನಿಗೆ ಹಾಕಿದ್ವಿ, ಕೈಯಾಗ ರೊಕ್ಕ ಇದ್ದಿಲ್ಲ, ಮಗಳ ಮುಂದ ಹೇಳಾಕ ನಾಚಿಕಿ ಆತು. ಇದನ್ನ ಬರದೆ. ಎಷ್ಟಕ್ಕ ಮಾರಿದ್ವಿ, ಯಾರು ಬಂದು ಒಯ್ದ್ರು, ಅವರು ಎತ್ತೂ ಮುಂದ ಅದರ ಗಾಳಿ ಒಮ್ಮೆ ಹೊರಗ ಬಂದು ಸಪ್ಪಳ ಆತು, ಅಲ್ಲಿವರಿಗೂ ಬರದೆ.

ಬರದ ಮ್ಯಾಲೆ ಕವರಿನಾಗ ಹಾಕಿ ಮ್ಯಾಲೆ "ನಾ ಇಲ್ಲದಾಗ" ಅಂತ ಬರಿಯಾಕ ಹೋಗಿ ಕೈ ನಿಂತು. ನಾ ಇಲ್ಲದಾಗ ಯಾಕ. ಮರುದಿನ ಪೋಸ್ಟ್ ಮಾಡಿದೆ. ನಾಕನೇ ದಿನ ರಾತ್ರಿ ಫೋನ್ ಬಂತು, ಬಾಳ ಹೊತ್ತು ಸುಮ್ಮ ಇದ್ಲು, ಆಮ್ಯಾಲೆ ಅಂದ್ಲು, "ಅವ್ವಾ, ನನಗ ಹಾಡಾಕ ಬರಂಗಿಲ್ಲ ಅಂತ ಮಾರಿದ್ರಿ ಅನ್ಕೊಂಡಿದ್ದೆ ನಾ ಇಷ್ಟು ವರ್ಷ." ನಾ ಎಂದೂ ಹಂಗ ಅಂದಿಲ್ಲ, ಆಕಿನೂ ಎಂದೂ ಕೇಳಿಲ್ಲ. ಹನ್ನೆರಡು ವರ್ಷ ಒಂದ ಮನ್ಯಾಗ ಉಂಡು ಮಲಗಿ ಹಬ್ಬ ಮಾಡಿ ಈ ಒಂದು ವಿಷಯ ಇಬ್ಬರ ನಡುವ ಹಂಗ ಕುಂತಿತ್ತು. ಅದು ನಾ ಸತ್ತ ಮ್ಯಾಲೆ ಕಪಾಟಿನಾಗ ಸಿಕ್ಕಿದ್ರ ಆಕಿಗೆ ಯಾರ ಮುಂದ ಹೇಳಿಕೊಳ್ಳಾಕ ಬರ್ತಿತ್ತು.

ಇದ ಕಾರಣಕ್ಕ ನನ್ನ ಡಬ್ಯಾಗಿನ ಪತ್ರ ಎರಡ ಭಾಗ ಆಗ್ಯಾವು. ಕೆಲವು ಇಡೂವು, ಕೆಲವು ಕೊಡೂವು. ಬರಿಯೂ ತನಕ ಯಾವುದು ಯಾವುದು ಅಂತ ಗೊತ್ತಾಗಂಗಿಲ್ಲ.

ತಮ್ಮಗ ಬರದಿದ್ದು ಇವೆರಡರಾಗೂ ಸೇರಲಿಲ್ಲ. ಅಪ್ಪ ಎಂಟು ದಿನ ದವಾಖಾನ್ಯಾಗ ಇದ್ದಾಗ ಅಂವಾ ಎರಡ ಸಲ ಬಂದು ಹೋದ, ರಾತ್ರಿ ಒಂದೂ ನಿಲ್ಲಲಿಲ್ಲ. ಅದು ನನಗ ಮುಳ್ಳಿನಂಗ ನಟ್ಟಿತ್ತು. ಪ್ರೀತಿಯ ತಮ್ಮನಿಗೆ ಅಂತ ಚಾಲೂ ಮಾಡಿ, ನಾವು ಸಣ್ಣವರಿದ್ದಾಗ ಗೋಳಗುಮ್ಮಟದಾಗ ಹೋಗಿ ಕೂಗಿ ಕೂಗಿ ನಮ್ಮ ದನಿ ಏಳ ಸಲ ಎಣಿಸಿದ್ದು, ಎಲ್ಲಾ ಚಂದ ಬರದು, ಕಡೀಕ ನಾಕ ಸಾಲಿನಾಗ ಆ ಎಂಟು ದಿನದ ಮಾತು ಬಂದುಬಿಟ್ಟಿತ್ತು. ಮುಂದಿನ ಅಮಾಸಿಗೆ ತಗದು ಓದಿದೆ. ಇದು ಅವನ ಕೈಗೆ ನಾ ಇಲ್ಲದಾಗ ಸಿಕ್ಕರ ಅಂವಾ ಯಾರಿಗೆ ಜವಾಬು ಕೊಡಬೇಕು? ಸತ್ತವರ ಪತ್ರಕ್ಕ ಉತ್ತರ ಬರಿಯಾಕ ಬರಂಗಿಲ್ಲ. ನನಗ ಗೊತ್ತಿದ್ದವರ ಮನ್ಯಾಗ ಇಂಥಾ ಒಂದು ಪತ್ರ ಆಗೇತಿ, ಅಣ್ಣ ಹೋಗೂ ಮುಂದ ತಂಗಿಗೆ ಒಂದು ದೂರು ಬರದಿಟ್ಟು ಹೋದ, ಆಕಿ ಅದನ್ನ ಇವತ್ತಿಗೂ ಮಡಚಿ ಮಡಚಿ ಬಿಚ್ಚಿ ಬಿಚ್ಚಿ ಓದ್ತಾಳ, ಮಡಿಕಿ ಹರದು ಟೇಪ್ ಹಚ್ಚ್ಯಾಳ. ಹಂಗ ಮಾಡೂ ಹಕ್ಕು ಯಾರಿಗೂ ಇಲ್ಲ ಅನಸ್ತೈತಿ ನನಗ. ಆ ನಾಕ ಸಾಲು ಇದ್ದ ಹಾಳಿ ಒಲ್ಯಾಗ ಹಾಕಿ ತಮ್ಮಗ ಫೋನ್ ಹಚ್ಚಿದೆ. ಬಾಯಿ ಬಿಟ್ಟು ಕೇಳಿದೆ. ಅಂವಾ ಅಂದ, "ಹೆದರಿಕಿ ಆಗಿತ್ತಕ್ಕಾ. ಅಪ್ಪಗ ಮೂಗಿನಾಗ ನಳಿಗಿ ಹಾಕಿದ್ದು ನೋಡಾಕ ಆಗ್ತಿದ್ದಿಲ್ಲ, ಬಂದು ಕೆಳಗ ಪಾರ್ಕಿಂಗ್ ಕಡೆ ಕುಂದರ್ತಿದ್ದೆ." ಎಷ್ಟು ಸಲ ಬಂದಿದ್ದಿ ಅಂತ ಕೇಳಿದೆ. ದಿನಾ ಬಂದಿದ್ದೆ ಅಂದ.

ಗೋಳಗುಮ್ಮಟದ ಪತ್ರ ಮಾತ್ರ ಡಬ್ಯಾಗ ಐತಿ.

ಡಬ್ಬಿ ಅಂದ್ನೆಲ್ಲ, ಅದರ ಬಗ್ಗೆ ನಾಕ ಮಾತು, ಯಾಕಂದ್ರ ನನ್ನ ಜೋಡಿ ಟೀಚರ್‌ಗಳು ಕೇಳ್ತಾರ. ಪತ್ರಕ್ಕ ದಿನಾಂಕ ಹಾಕ್ರಿ, ಪೂರ್ತಿ ವರ್ಷ ಬರೀರಿ. ಚಲೋ ಕಾಗದ, ಒಂದ ಬಾಜೂ ಬರೀರಿ. ಲ್ಯಾಮಿನೇಶನ್ ಬ್ಯಾಡ, ಬ್ಯಾಂಕಿನ, ಅಂಗಡಿಯ ರಸೀದಿ ಹಿಂದ ಬರಿಯೂದಂತೂ ಬ್ಯಾಡ್ರಿ, ಆ ಕಾಗದ ಬಾಳ ದಿನ ತಾಳಂಗಿಲ್ಲ. ಬ್ಯಾಂಕ್ ಲಾಕರಿನಾಗ ಇಡಬ್ಯಾಡ್ರಿ, ಮನಷಾ ಹೋದ ಮ್ಯಾಲೆ ಅದನ್ನ ತಗಿಯೂದ್ರಾಗ ಎಷ್ಟು ದಿನ ಹೋಗ್ತಾವೋ, ಮನ್ಯಾಗ ಇಡ್ರಿ, ಎಲ್ಲೈತಿ ಅಂತ ಒಬ್ಬರಿಗೆ ಹೇಳ್ರಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಮ್ಯಾಲೆ ಭರವಸಾ ಇಡಬ್ಯಾಡ್ರಿ, ನಮ್ಮ ಚಿಗವ್ವನ ದನಿ ನನ್ನ ಫೋನಿನಾಗ ಇತ್ತು, ಫೋನ್ ನೀರಾಗ ಬಿತ್ತು, ದನಿನೂ ಹೋತು. ಮತ್ತ ಈ ಪತ್ರದಾಗ ಹೊಲ ಮನಿ ಬಂಗಾರ ಹಂಚಬ್ಯಾಡ್ರಿ, ಅದಕ್ಕ ವಿಲ್ ಅಂತ ಬ್ಯಾರೇನ ಐತಿ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಪ್ರಕಾರ ವಿಲ್ಲಿಗೆ ಬರದವರ ಸಹಿ ಬೇಕು, ಇಬ್ಬರು ಸಾಕ್ಷಿ ಸಹಿ ಬೇಕು, ನೋಂದಣಿ ಮಾಡಸಲೇಬೇಕು ಅಂತಿಲ್ಲ, ಮಾಡಸಿದ್ರ ಚಲೋ. ಅದು ಬ್ಯಾರೆ ಚೀಲ, ಇದು ಬ್ಯಾರೆ ಚೀಲ, ಅಪ್ಪ ಇದ್ದಿದ್ರ ಎರಡಕ್ಕೂ ಬ್ಯಾರೆ ಬ್ಯಾರೆ ಚೀಟಿ ಹಚ್ಚತಿದ್ದ.

ಈಗ ಅತ್ತಿಯವರ ವಿಷಯ. ನಾ ಬರಿಯೂದನ್ನ ನೋಡಿ ನೋಡಿ ಒಂದು ಅಮಾಸಿ ರಾತ್ರಿ ಬಂದು ನನ್ನ ಬಾಜೂಕ ಕುಂತ್ರು. ಅವರಿಗೆ ಓದಾಕ ಬರಿಯಾಕ ಬರಂಗಿಲ್ಲ, ಎಂಬತ್ತರ ಮ್ಯಾಲೆ ವಯಸ್ಸು. "ನಂದೂ ಒಂದು ಬರಕೊಡವಾ" ಅಂದ್ರು. ಯಾರಿಗೆ ಅಂತ ಕೇಳಿದೆ. "ಎಲ್ಲಾರಿಗೂ. ಮೊಮ್ಮಗಳಿಗೆ ಮೊದಲ."

ಅವರು ಹೇಳಿದ್ರು, ನಾ ಬರದೆ. ಅವರ ತವರು ಇಳಕಲ್ಲು, ನೇಕಾರರ ಮನಿ. ಮೊಮ್ಮಗಳಿಗೆ ಒಂದು ಇಳಕಲ್ ಸೀರಿ ಇಟ್ಟಾರ, ಟೋಪ ತೆನಿ ಸೆರಗಿಂದು, ಅದರ ಬಗ್ಗೆ ಹೇಳಿದ್ರು. ಸೀರಿ ಮೈಯಿನ ಹಾಸು, ಅಂದ್ರ ಉದ್ದಕ ಹಾಕೂ ಎಳಿ, ಬ್ಯಾರೆ ಇರ್ತೈತಿ, ಸೆರಗಿನ ಕೆಂಪು ರೇಶಿಮಿ ಹಾಸು ಬ್ಯಾರೆ, ಎರಡನ್ನೂ ಒಂದೊಂದು ಎಳಿ ಕೂಡಿಸಿ ಕೊಂಡಿ ಹಾಕಿ ಮಗ್ಗಕ್ಕ ಏರಸ್ತಾರ, ಆ ಕೊಂಡಿ ಕೆಲಸ ತಾವು ಸಣ್ಣವರಿದ್ದಾಗ ತಮ್ಮ ಅವ್ವನ ಜೋಡಿ ಕುಂತು ಮಾಡ್ತಿದ್ದಿದ್ದು, ಬೆರಳಿನ ತುದಿ ಉರೀತಿದ್ದಿದ್ದು, ಎಳಿ ಕಡದ್ರ ಅವ್ವ ತಲಿಮ್ಯಾಲೆ ಮೊಟಕತಿದ್ದಿದ್ದು. "ಸೀರಿ ಉಟಗೊಂಡಾಗ ಸೆರಗು ಚಾಲೂ ಆಗೂ ಕಡೆ ಬಟ್ಟ ಹಚ್ಚಿ ನೋಡಂತ ಹೇಳು, ಸಣ್ಣಂಗ ಗಂಟಿನ ಗೆರಿ ಹತ್ತತೈತಿ ಕೈಗೆ, ಅಲ್ಲೆ ಐತಿ ನಂದು" ಅಂದ್ರು.

ಆಮ್ಯಾಲೆ ಹಳೇ ಬಾಗಲಕೋಟಿ ಮನಿ. ಘಟಪ್ರಭಾ ಕಡೆ ಓಣ್ಯಾಗ ಇತ್ತು ನಮ್ಮ ಮನಿ, ಆಲಮಟ್ಟಿ ಹಿನ್ನೀರಿಗೆ ಮುಳುಗಡೆ ಆತು. ಲಾಲ್ ಬಹದ್ದೂರ್ ಶಾಸ್ತ್ರಿಯವರು ಆ ಡ್ಯಾಮಿಗೆ ಅಡಿಗಲ್ಲು ಹಾಕಿದ್ದು 1964ರಾಗ, ಅತ್ತಿಯವರು ಲಗ್ನ ಆಗಿ ಬಂದು ಇನ್ನೂ ಎರಡ ವರ್ಷ ಆಗಿರಲಿಲ್ಲಂತ, ಆಗಿಂದನ ಊರಾಗ ಮುಳುಗತೈತಿ ಮುಳುಗತೈತಿ ಅನ್ನೂ ಮಾತು, ಮುಳುಗೂ ಹೊತ್ತಿಗೆ ಅವರಿಗೆ ಮೊಮ್ಮಕ್ಕಳಾಗಿದ್ರು. ನವನಗರಕ್ಕ ಬಂದು ಸೆಕ್ಟರ್ ನಂಬರಿನಾಗ ಮನಿ ಕಟ್ಟಿದ್ವಿ. ಅವರು ಹೇಳಿದ್ದು ಪರಿಹಾರದ ಮಾತಲ್ಲ. ಪಡಸಾಲಿ ಬಲಕ್ಕ ಕಂಬದ ಬುಡಕ ಹಗೇವು ಎಲ್ಲಿತ್ತು, ಅದರೊಳಗ ಜ್ವಾಳ ತಗಿಯಾಕ ಯಾರನ್ನ ಇಳಸ್ತಿದ್ರು, ಹೋಳಿ ಹುಣ್ಣಿವಿಗೆ ಬಣ್ಣದ ಬಂಡಿ ನಮ್ಮ ಓಣಿಗೆ ಬಂದಾಗ ಮಾಳಗಿ ಮ್ಯಾಲೆ ನಿಂತು ನೋಡ್ತಿದ್ದು ಯಾವ ಮೂಲಿಯಿಂದ, ಜಗಲಿ ಮ್ಯಾಲಿನ ದೇವರನ್ನ ಟೆಂಪೋದಾಗ ತರೂ ಮುಂದ ತಾವು ಹಿಂದ ಕುಂತು ಎರಡೂ ಕೈಲೆ ಹಿಡಕೊಂಡಿದ್ದು.

ನಾ ಎಲ್ಲಾ ಬರಕೊಂಡು ಮರುದಿನ ಚಂದ ಮಾಡಿ ಶುದ್ಧ ಕನ್ನಡದಾಗ ಪ್ರತಿ ತಗದೆ. "ನಮ್ಮ ಮನೆಯ ಪಡಸಾಲೆಯ ಬಲಭಾಗದಲ್ಲಿ ಧಾನ್ಯ ಸಂಗ್ರಹಿಸುವ ನೆಲಮಾಳಿಗೆ ಇತ್ತು." ಓದಿ ತೋರಿಸಿದೆ. ಅತ್ತಿಯವರು ಕೇಳಿದ್ರು, ಸುಮ್ಮ ಆದ್ರು, ಆಮ್ಯಾಲೆ, "ಇದು ಯಾರು ಮಾತಾಡಾಕತ್ತಾರವಾ? ನಾ ಅಲ್ಲ ಇದು" ಅಂದ್ರು.

ಕೆನಡಾದ ವಿನಿಪೆಗ್‌ನಾಗ ಹಾರ್ವೆ ಚೋಚಿನೋವ್ ಅಂತ ಮನೋವೈದ್ಯರು ಸಾಯೂ ಹಂತದಾಗಿನ ರೋಗಿಗಳ ಜೋಡಿ ಇದ ಕೆಲಸ ಮಾಡ್ತಾರ, ಅವರ ಕಡೆ ಮಾತಾಡಿಸಿ, ರೆಕಾರ್ಡ್ ಮಾಡಿ, ಬರದು, ಮತ್ತ ಅವರಿಗೇ ಓದಿ ಹೇಳಿ, ತಪ್ಪಿದ್ದಲ್ಲಿ ತಿದ್ದಿ, ಆಮ್ಯಾಲೆ ಅವರ ಮನಿಯವರಿಗೆ ಕೊಡೂದು. 2005ರಾಗ ಪ್ರಕಟ ಆದ ಅವರ ಅಧ್ಯಯನದಾಗ 100 ರೋಗಿಗಳು ಇದ್ರು, ಅವರಾಗ 91 ಶೇಕಡಾ ಮಂದಿ ಇದರಿಂದ ಸಮಾಧಾನ ಆತು ಅಂದಿದ್ರು. ಓದಿದಾಗ ಆ "ಮತ್ತ ಅವರಿಗೇ ಓದಿ ಹೇಳಿ" ಅನ್ನೂದು ಯಾಕ ಅಂತ ತಿಳಿದಿದ್ದಿಲ್ಲ, ಅತ್ತಿಯವರ ಮುಖಾ ನೋಡಿದಾಗ ತಿಳೀತು. ಶುದ್ಧ ಪ್ರತಿ ಬದಿಗೆ ಇಟ್ಟು ಅವರು ಅಂದಿದ್ದನ್ನ ಅಂದಂಗ ಬರದೆ, ಹಗೇವು ಅಂದ್ರ ಹಗೇವು, "ಅಲ್ಲೆ ಐತಿ ನಂದು" ಅಂದ್ರ ಅಷ್ಟ. ಕಾಗುಣಿತ ತಪ್ಪು ಅಂತ ಮಕ್ಕಳ ಕೈಗೆ ಹೊಡದ ಕೈ ಇದು, ಆದರೂ ಹಂಗ ಬರದೆ. ಎರಡನೇ ಸಲ ಓದಿದಾಗ ಅವರು ನಡುನಡುವ ಹ್ಞೂಂ, ಹ್ಞೂಂ ಅಂದ್ರು.

ಆಗಿಂದ ಪ್ರತಿ ಅಮಾಸಿಗೆ ಅವರ ಪತ್ರ ಓದಬೇಕು, ಅದಕ್ಕ ಏನರ ಒಂದು ಕೂಡಸಬೇಕು. ಸಂಕ್ರಾಂತಿ ಸಜ್ಜಿ ರೊಟ್ಟಿಗೆ ಎಳ್ಳು ಯಾವಾಗ ಹಚ್ಚಬೇಕು ಅನ್ನೂದು ಬಂತು, ಎರಡು ಬೀಸೂ ಪದ ಬಂದ್ವು, ತೀರಿಹೋದ ಒಂದು ಕೂಸಿನ ಹೆಸರು ಬಂತು, ಆ ಹೆಸರು ನಮ್ಮ ಮನಿಯವರೂ ಕೇಳಿದ್ದಿಲ್ಲ. ನಾಕ ಹಾಳಿ ಆಗೇತಿ. ಮೂರನೇ ಹಾಳ್ಯಾಗ ಅವರು ಹೋದ ವರ್ಷ ಹೇಳಿ ಬರಸಿದ್ದ ಒಂದು ಸಾಲು ಇತ್ತು, ಸಣ್ಣ ಮಗನ ಬಗ್ಗೆ. "ಸಣ್ಣಾಂವ ಊರಿಗೆ ಹೋದ ಮ್ಯಾಲೆ ಅವ್ವನ್ನ ಮರತಾನ, ನಾ ಸತ್ತ ಸುದ್ದಿ ಕೇಳಿ ಬರ್ತಾನ." ಅವತ್ತ ನಾ ಬ್ಯಾಡ್ರಿ ಅತ್ತಿ ಅಂದಿದ್ದೆ, ಬರಿ ಅಂದ್ರು, ಬರದಿದ್ದೆ. ಅವರ ಪತ್ರ, ಅವರ ಮಾತು.

ಮೊನ್ನೆ ಅಮಾಸಿಗೆ ಓದ್ಕೋತ ಆ ಸಾಲಿಗೆ ಬಂದೆ. "ತಡಿ" ಅಂದ್ರು. ಹದಿನೈದು ದಿನದ ಹಿಂದ ಮೈದುನ ಬಂದು ಎರಡು ದಿನ ಇದ್ದು ಹೋಗಿದ್ದ, ಅವರ ಕಾಲಿಗೆ ಎಣ್ಣಿ ತಿಕ್ಕಿದ್ದ. "ಅದನ್ನ ತಗಿ" ಅಂದ್ರು. ಪೆನ್ನು ತಗೊಂಡು ಗೀಟು ಹೊಡಿಯಾಕ ಹೋದೆ, ನನ್ನ ಕೈ ಹಿಡದ್ರು.

"ಗೀಟು ಹೊಡದ್ರ ಕೆಳಗಿಂದು ಓದಾಕ ಬರ್ತೈತೇನು?"

ಬರ್ತೈತ್ರಿ ಅತ್ತಿ, ಅಂದೆ.

"ಮತ್ತ ಬ್ಯಾಡ. ಹೊಸಾ ಹಾಳ್ಯಾಗ ಬರಿ."

ಮೂರನೇ ಹಾಳಿ ಪೂರ್ತಿ ಮತ್ತ ಬರದೆ. ಅವರು ಬಾಜೂಕ ಕುಂತಿದ್ರು, ಆ ಸಾಲಿನ ಜಾಗಾ ಬಂದಾಗ ಬರಿಯೂದು ನಿಲ್ಲಿಸಿ ಅವರ ಕಡೆ ನೋಡಿದೆ. ಸ್ವಲ್ಪ ಹೊತ್ತು ವಿಚಾರ ಮಾಡಿ ಅಂದ್ರು, "ಸಣ್ಣಾಂವಗ ಎಣ್ಣಿ ಹಚ್ಚಾಕ ಬರ್ತೈತಿ, ಕೈ ಮೆತ್ತಗ ಐತಿ ಅವಂದು, ಅವರಪ್ಪನ ಕೈ ಹಂಗ ಇತ್ತು." ಅದನ್ನ ಬರದೆ. ಹಳೇ ಹಾಳಿ ಇಸ್ಕೊಂಡು ನಾಕ ಮಡಿಕಿ ಮಾಡಿ ತಮ್ಮ ಸಂಚಿಯಾಗ ಇಟ್ಕೊಂಡ್ರು, ಮುಂಜಾನೆ ನೀರ ಒಲಿಗೆ ಹಾಕ್ತೀನಿ ಅಂತ.